ಉಡುಪಿಯಿಂದ ಮಲಾವಿಗೆ, ನಮ್ಮ ಮಿಶನ್ ಶುರುವಾದ ಕತೆ

ನನ್ನ ಅಜ್ಜಿ ಉಡುಪಿಯ ಮಿಶನ್ ಆಸ್ಪತ್ರೆಯಲ್ಲಿ ಆಯ ಆಗಿದ್ದವರು, ಅರುವತ್ತು ಎಪ್ಪತ್ತು ವರ್ಷದ ಹಿಂದಿನ ಮಾತು ಇದು. ಅವರ ಕೆಲಸದಲ್ಲಿ ದೊಡ್ಡ ಪಾಲು ಗ್ಲೌಸ್ ತೊಳೆಯುದು. ಈಗಿನ ಹಾಗೆ ಒಮ್ಮೆ ಹಾಕಿ ಬಿಸಾಡುವ ಗ್ಲೌಸ್ ಆಗ ಎಲ್ಲಿತ್ತು, ದಪ್ಪ ರಬ್ಬರಿನದ್ದು, ಆಪರೇಶನ್ ಮುಗಿದ ಮೇಲೆ ಒಂದೊಂದನ್ನೇ ತೊಳೆದು ಗಾಳಿ ತುಂಬಿಸಿ ಬಾಯಿ ಹಿಂಡಿ ಹಿಡ್ಕೊಂಡು ನೀರಲ್ಲಿ ಮುಳುಗಿಸಬೇಕು, ಗುಳ್ಳೆ ಎದ್ದಲ್ಲಿ ತೂತು ಉಂಟು ಅಂತ ಲೆಕ್ಕ, ಅಲ್ಲಿಗೆ ಹಳೇ ಗ್ಲೌಸಿನ ಚೂರು ಕತ್ತರಿಸಿ ಸೈಕಲ್ ಟ್ಯೂಬಿಗೆ ಹಾಕಿದ ಹಾಗೆ ಪ್ಯಾಚ್, ಮತ್ತೆ ಒಣಗಿಸಿ ಪೌಡರ್ ಹಾಕಿ ಬಟ್ಟೆಯಲ್ಲಿ ಸುತ್ತಿ ಆಟೊಕ್ಲೇವಿಗೆ, ಅಂದ್ರೆ ಬಿಸಿ ಹಬೆಯಲ್ಲಿ ಕ್ರಿಮಿ ಕೊಲ್ಲುವ ಮೆಷಿನಿಗೆ. ಗಾಜಿನ ಸಿರಿಂಜ್ ಕುದಿಸುದು, ಮೊಂಡಾದ ಸೂಜಿಯನ್ನು ಸಾಣೆಕಲ್ಲಿಗೆ ಮಸೆಯುದು, ಮಸೆದ ಮೇಲೆ ಹತ್ತಿಯ ಮೇಲೆ ಎಳೆದು ನೋಡುದು, ಎಳೆ ಸಿಕ್ಕಿದ್ರೆ ಸರಿಯಾಗ್ಲಿಲ್ಲ ಅಂತ ಅರ್ಥ, ಪುನಃ ಮಸೆಯುದು. ನಾನು ಚಿಕ್ಕವನಿರುವಾಗ ಅಜ್ಜಿ ಹಲಸಿನ ಬೀಜ ಸುಲಿಯುತ್ತಾ ಇದನ್ನೆಲ್ಲ ಹೇಳ್ತಾ ಇದ್ರು, ಎಷ್ಟು ಸಲ ಹೇಳಿದ್ದಾರೆ ಅಂದ್ರೆ ನಾನೇ ಮಸೆದ ಹಾಗೆ ಕೈಗೆ ಗೊತ್ತುಂಟು. "ನಾನು ಸರಿಯಾಗಿ ನೋಡದಿದ್ರೆ ನಾಳೆ ಹೆರುವವಳಿಗೆ ಸೆಪ್ಟಿಕ್ ಆಗ್ತದೆ ಮಗಾ, ಡಾಕ್ಟರಮ್ಮ ಪ್ರಾರ್ಥನೆ ಮಾಡಿದ್ರೂ ತೂತು ಮುಚ್ಚುದಿಲ್ಲ" ಅಂತ ಹೇಳ್ತಿದ್ರು. ದಿನಾ ಬೆಳಿಗ್ಗೆ ಪ್ರಾರ್ಥನೆ ಮಾಡದೆ ಚಾ ಕೂಡ ಕುಡಿಯದ ಹೆಂಗಸು ಅವರು.

ಮಲಾವಿಯ ಒಂದು ಹಳ್ಳಿ ಆಸ್ಪತ್ರೆಗೆ ಪ್ರತಿ ವರ್ಷ ಹೋಗಿ ಕೆಲಸ ಮಾಡುವ ಈ ಮಿಶನ್ ಶುರು ಮಾಡಿದ ಮೇಲೆ ಎಲ್ಲರೂ ಕೇಳುದು ಒಂದೇ, ನೀನು ಡಾಕ್ಟರ್ ಅಲ್ಲ ನರ್ಸ್ ಅಲ್ಲ, ಮೆಡಿಕಲ್ ಮಿಶನ್ ಅಂತ ಹೇಳಿ ಆಫ್ರಿಕಕ್ಕೆ ಎಂತ ಮಾಡ್ಲಿಕ್ಕೆ ಹೋಗುದು. ಒಬ್ಬೊಬ್ಬರಿಗೆ ಹೇಳಿ ಮುಗಿಯುದಿಲ್ಲ, ಹಾಗಾಗಿ ಇಲ್ಲಿ ಕೂತು ಬರೀತಾ ಇದ್ದೇನೆ. ನಾನು ಬಯೋಮೆಡಿಕಲ್ ಟೆಕ್ನಿಶಿಯನ್, ಅಂದ್ರೆ ಆಸ್ಪತ್ರೆಯ ಮೆಷಿನ್ ರಿಪೇರಿ ಮಾಡುವವ. ವೆಂಟಿಲೇಟರ್, ಸಕ್ಷನ್ ಮೆಷಿನ್, ಆಟೊಕ್ಲೇವ್, ಆಕ್ಸಿಜನ್ ಕಾನ್ಸಂಟ್ರೇಟರ್, ಇದೇ ನನ್ನ ಇಪ್ಪತ್ತೆರಡು ವರ್ಷದ ಅನ್ನ. ಅಜ್ಜಿಯದ್ದೇ ಕೆಲಸ ಅಂತ ಹೇಳಿದ್ರೂ ತಪ್ಪಿಲ್ಲ.

ಮಿಶನ್ ಆಸ್ಪತ್ರೆ ಅಂತ ನಾವು ಉಡುಪಿಯವರು ಕರೆಯುವ ಲೊಂಬಾರ್ಡ್ ಆಸ್ಪತ್ರೆ 1923ರಲ್ಲಿ ಶುರುವಾದದ್ದು, ಶುರು ಮಾಡಿದವರು ಸ್ವಿಟ್ಜರ್‌ಲ್ಯಾಂಡಿನ ಡಾಕ್ಟರ್ ಈವಾ ಲೊಂಬಾರ್ಡ್. ಅದಕ್ಕಿಂತ ಮೊದಲೇ 1834ರಲ್ಲಿ ಬಾಸೆಲ್ ಮಿಶನಿನ ಮೂವರು ಹಡಗಿನಲ್ಲಿ ಬಂದು ಮಂಗಳೂರು ಸೇರಿದ್ದು, ಅವರಿಂದಾಗಿ ಶಾಲೆ, ಪ್ರೆಸ್ಸು, ಹಂಚಿನ ಕಾರ್ಖಾನೆ, 1843ರ ಮಂಗಳೂರ ಸಮಾಚಾರ ಪತ್ರಿಕೆ, ಇದೆಲ್ಲ ಶಾಲೆಯಲ್ಲಿ ಓದಿದ್ದೇವೆ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಅಂತ ಜರ್ಮನಿಯ ಪಾದ್ರಿ ಒಬ್ಬರು ಬಡವರಿಗೆ ಹೋಮಿಯೋಪತಿ ಮದ್ದು ಕೊಡ್ಲಿಕ್ಕೆ ಶುರು ಮಾಡಿದ್ರು, ಹತ್ತು ವರ್ಷದಲ್ಲಿ ಕುಷ್ಠರೋಗಿಗಳಿಗೂ ಜಾಗ ಮಾಡಿ ಕೊಟ್ರು, ಆ ಕಾಲದಲ್ಲಿ ಆ ರೋಗ ಬಂದವರನ್ನು ಮನೆಯವರೇ ಹೊರಗೆ ಹಾಕುವ ಸ್ಥಿತಿ. ಇವತ್ತು ಮಂಗಳೂರು ಸುತ್ತಮುತ್ತ ಅರ್ಧ ಡಜನಿಗಿಂತ ಹೆಚ್ಚು ಮೆಡಿಕಲ್ ಕಾಲೇಜು ಉಂಟು, ಇತ್ತ ಮಣಿಪಾಲ ಉಂಟು, ಎದೆ ನೋವು ಅಂದ್ರೆ ಇಪ್ಪತ್ತು ನಿಮಿಷದಲ್ಲಿ ಯಾವುದಾದ್ರೂ ಒಂದು ಎಮರ್ಜೆನ್ಸಿ ವಾರ್ಡಿನ ಬಾಗಿಲಲ್ಲಿ ಇರ್ತೇವೆ. ನನ್ನ ಅಮ್ಮ ಹುಟ್ಟಿದ್ದು ಮಿಶನ್ ಆಸ್ಪತ್ರೆಯಲ್ಲಿ, ಕಾಲು ಮುಂದಾಗಿ ಬಂದ ಮಗು, ಮನೆಯಲ್ಲೇ ಹೆರಿಗೆ ಆಗಿದ್ರೆ ಅಜ್ಜಿಯೂ ಇಲ್ಲ ಅಮ್ಮನೂ ಇಲ್ಲ, ನಾನಂತೂ ಇಲ್ವೇ ಇಲ್ಲ. ಯಾರೋ ತಮ್ಮ ಊರು ಬಿಟ್ಟು ಬಂದದ್ದರಿಂದ ನಾನಿದ್ದೇನೆ. ಇದನ್ನು ನಾನು ಸಾಲ ಅಂತ ಹೇಳುದಿಲ್ಲ, ಸಾಲ ಆಗಿದ್ರೆ ತೀರಿಸಿ ಕೈ ತೊಳೆದುಕೊಳ್ಬಹುದಿತ್ತು.

ಮಲಾವಿಗೆ ಮೊದಲು ಹೋದದ್ದು 2018ರಲ್ಲಿ. ಅಲ್ಲಿನ ಒಂದು ಚರ್ಚಿನವರು ನಡೆಸುವ ಹಳ್ಳಿ ಆಸ್ಪತ್ರೆ, ಮಂಗಳೂರಿನ ನಮ್ಮ ಪರಿಚಯದ ಡಾಕ್ಟರ್ ಅಕ್ಕ ಒಬ್ಬರು ಗೈನಕಾಲಜಿಸ್ಟ್, ಅವರು ಹದಿನೈದು ದಿನಕ್ಕೆ ಹೋಗುದು ಅಂತ ಆಗಿತ್ತು, "ಅಲ್ಲಿ ಮೆಷಿನುಗಳೆಲ್ಲ ಹಾಳಾಗಿ ಬಿದ್ದಿದೆಯಂತೆ, ನೀನೂ ಬಾ ಮಾರಾಯ" ಅಂದ್ರು. ಮಲಾವಿ ಅಂದ್ರೆ ಆಫ್ರಿಕದ ಆಗ್ನೇಯ ಮೂಲೆಯ ಕಡೆ ಉದ್ದಕ್ಕಿರುವ ಸಣ್ಣ ದೇಶ, ಸಮುದ್ರ ಇಲ್ಲ, ಆದ್ರೆ ಸಮುದ್ರದ ಹಾಗೇ ಕಾಣುವ ದೊಡ್ಡ ಸರೋವರ ಉಂಟು, ಚಾಂಬೋ ಅಂತ ಮೀನು ಸಿಗ್ತದೆ, ಮಣ್ಣು ನಮ್ಮ ಹಾಗೇ ಕೆಂಪು. ಹತ್ತು ಸಾವಿರ ಜನಕ್ಕೆ ಒಬ್ಬ ಡಾಕ್ಟರ್ ಕೂಡ ಇಲ್ಲದ ದೇಶ ಅದು. ಜಿಲ್ಲಾ ಆಸ್ಪತ್ರೆಗಳಲ್ಲಿ ಸಿಸೇರಿಯನ್ ಸಹ ಹೆಚ್ಚಾಗಿ ಮಾಡುದು ಕ್ಲಿನಿಕಲ್ ಆಫೀಸರ್ ಅಂತ ಕರೆಯುವವರು, ಎಂಬಿಬಿಎಸ್ ಅಲ್ಲ, ಕೆಲವು ವರ್ಷ ಟ್ರೈನಿಂಗ್ ಆದವರು, ಅವರ ಕೈ ಓಡುದು ನೋಡಿದ್ರೆ ನಮ್ಮ ಡಾಕ್ಟರ್ ಅಕ್ಕನೇ ಬೆರಗಾಗಿ ನಿಂತಿದ್ರು. ರೋಗಿಯ ಜೊತೆ ಬಂದವರು ಆಸ್ಪತ್ರೆಯ ಹಿಂದೆ ಒಲೆ ಹೂಡಿ ಅಲ್ಲೇ ಅಡಿಗೆ ಮಾಡ್ತಾರೆ, ಮೆಕ್ಕೆಜೋಳದ ಹಿಟ್ಟಿನ ಎನ್ಸೀಮ, ನೋಡ್ಲಿಕ್ಕೆ ಬಿಳೀ ಮುದ್ದೆ. ಹೆಂಗಸರು ಚಿತೇಂಜೆ ಅಂತ ಬಣ್ಣದ ಬಟ್ಟೆಯಲ್ಲಿ ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಗಂಟೆಗಟ್ಲೆ ನಡೆದು ಬರ್ತಾರೆ, ಚೀಟಿಯ ಬದಲು ಒಂದು ಸಣ್ಣ ಪುಸ್ತಕ, ಹೆಲ್ತ್ ಪಾಸ್‌ಪೋರ್ಟ್ ಅಂತ, ಅದು ರೋಗಿಯ ಕೈಯಲ್ಲೇ ಇರ್ತದೆ, ಹುಟ್ಟಿನಿಂದ ಏನೇನು ಆಯ್ತೋ ಎಲ್ಲ ಅದರಲ್ಲಿ.

ಆ ಆಸ್ಪತ್ರೆಯ ಹಿಂದಿನ ಕೋಣೆಗೆ ನನ್ನನ್ನು ಕರ್ಕೊಂಡು ಹೋದ್ರು. ಬಾಗಿಲು ತೆಗೆದಾಗ ನಾನು ಅಲ್ಲೇ ನಿಂತೆ. ಗೋಡೆಯಿಂದ ಗೋಡೆಗೆ ಮೆಷಿನು, ಎಲ್ಲ ದಾನವಾಗಿ ಬಂದದ್ದು, ಎಲ್ಲದರ ಮೇಲೆ ಯಾವುದೋ ದೇಶದ ಸ್ಟಿಕ್ಕರ್. ಒಂದು ಅಮೆರಿಕದಿಂದ ಬಂದ ಮಾನಿಟರ್ 110 ವೋಲ್ಟಿನದ್ದು, ಅಲ್ಲಿನ ಕರೆಂಟು ನಮ್ಮ ಹಾಗೆ 230, ಪ್ಲಗ್ ಹಾಕಿದ ಕೂಡ್ಲೆ ಸುಟ್ಟು ಹೋಗಿದೆ. ಇನ್ನೊಂದಕ್ಕೆ ಬೇಕಾದ ಪಾರ್ಟು ಈಗ ಯಾರೂ ಮಾಡುದೇ ಇಲ್ಲ. ಕೊಟ್ಟವರಿಗೆ ಒಳ್ಳೇ ಮನಸ್ಸೇ ಇದ್ದದ್ದು, ಅದರಲ್ಲಿ ನನಗೆ ಸಂಶಯ ಇಲ್ಲ, ಆದ್ರೆ ಕೊಡುವ ಮೊದಲು ಯಾರೂ ನಿಮಗೆ ಎಂತ ಬೇಕು ಅಂತ ಕೇಳಿಲ್ಲ. ಯೇಸು ಸ್ವಾಮಿ ಯೆರಿಕೋದಲ್ಲಿ ಕುರುಡ ಬಾರ್ತಿಮಾಯನ ಹತ್ರ ನಾನು ನಿನಗೆ ಏನು ಮಾಡಬೇಕು ಅಂತ ಕೇಳಿದ್ರಲ್ವಾ, ಕುರುಡನಿಗೆ ಕಣ್ಣೇ ಬೇಕು ಅಂತ ಯಾರಿಗೂ ಗೊತ್ತು, ಆದ್ರೂ ಕೇಳಿದ್ರು. ಇದನ್ನು ಸಂಡೇ ಸ್ಕೂಲಲ್ಲಿ ಹತ್ತು ಸಲ ಕೇಳಿದ್ದೇನೆ, ಅರ್ಥ ಆದದ್ದು ಆ ಧೂಳಿನ ಕೋಣೆಯಲ್ಲಿ.

ಆ ಹದಿನೈದು ದಿನದಲ್ಲಿ ನಾಲ್ಕು ಆಕ್ಸಿಜನ್ ಕಾನ್ಸಂಟ್ರೇಟರ್ ಸರಿ ಮಾಡಿದೆ. ಈ ಮೆಷಿನ್ ಹೇಗೆ ಅಂತ ಸ್ವಲ್ಪ ಹೇಳ್ಬೇಕು, ಇಲ್ಲದಿದ್ರೆ ಮುಂದಿನದ್ದು ಅರ್ಥ ಆಗುದಿಲ್ಲ. ನಾವು ಉಸಿರಾಡುವ ಗಾಳಿಯಲ್ಲಿ 78 ಪರ್ಸೆಂಟ್ ನೈಟ್ರೋಜನ್, 21 ಪರ್ಸೆಂಟ್ ಆಕ್ಸಿಜನ್. ಮೆಷಿನಿನ ಒಳಗೆ ಎರಡು ಉದ್ದದ ಡಬ್ಬಿ, ಅದರಲ್ಲಿ ಜಿಯೊಲೈಟ್ ಅಂತ ಸಾಬಕ್ಕಿ ಹಾಗಿನ ಕಾಳು ತುಂಬಿರ್ತದೆ, ಕಂಪ್ರೆಸರ್ ಗಾಳಿಯನ್ನು ಒತ್ತಿ ಅದಕ್ಕೆ ಕಳಿಸಿದ್ರೆ ಕಾಳು ನೈಟ್ರೋಜನನ್ನು ಹಿಡ್ಕೊಳ್ತದೆ, ಆಚೆ ಬದಿಯಲ್ಲಿ 90ರಿಂದ 95 ಪರ್ಸೆಂಟ್ ಆಕ್ಸಿಜನ್ ಬರ್ತದೆ, ಒಂದು ಡಬ್ಬಿ ತುಂಬಿದಾಗ ವಾಲ್ವ್ ತಿರುಗಿ ಇನ್ನೊಂದಕ್ಕೆ ಗಾಳಿ ಹೋಗ್ತದೆ, ಮೊದಲಿನದ್ದು ಹಿಡಿದ ನೈಟ್ರೋಜನನ್ನು ಟುಸ್ ಅಂತ ಹೊರಗೆ ಬಿಡ್ತದೆ. ಸಿಲಿಂಡರ್ ತರ್ಲಿಕ್ಕೆ ಲಾರಿ ಬೇಕು ರಸ್ತೆ ಬೇಕು, ಇದಕ್ಕೆ ಕರೆಂಟು ಒಂದು ಸಾಕು. ನ್ಯುಮೋನಿಯಾ ಬಂದ ಮಗುವಿಗೆ, ಹುಟ್ಟುವಾಗ ಉಸಿರು ಕಟ್ಟಿದ ಮಗುವಿಗೆ, ಸಿಸೇರಿಯನ್ ಆದ ತಾಯಿಗೆ, ಎಲ್ಲರಿಗೂ ಇದೇ. ಆದ್ರೆ ಆ ಕಾಳಿಗೆ ಒಂದು ವೈರಿ, ತೇವ. ಫಿಲ್ಟರ್ ಕಟ್ಟಿ ಮೆಷಿನ್ ಬಿಸಿಯಾಗಿ ತೇವ ಒಳಗೆ ಹೋಯ್ತು ಅಂದ್ರೆ ಕಾಳು ನೈಟ್ರೋಜನ್ ಹಿಡಿಯುದನ್ನು ಬಿಡ್ತದೆ. ಆಗಲೂ ಮೆಷಿನ್ ನಡೀತದೆ. ಅದೇ ಸದ್ದು, ಅದೇ ಟುಸ್, ಮೀಟರಿನ ಗುಂಡು 5 ಲೀಟರಿನ ಗೆರೆಯಲ್ಲೇ ತೇಲ್ತಾ ಇರ್ತದೆ, ನೋಡಿದವರಿಗೆ ಎಲ್ಲ ಸರಿ ಉಂಟು. ಹೊಸ ಮೆಷಿನಾದ್ರೆ ಅಲಾರಂ ಹೊಡೀತದೆ, ಹಳೇದರಲ್ಲಿ ಅದು ಯಾವತ್ತೋ ಹೋಗಿರ್ತದೆ. ಪೈಪಿನಲ್ಲಿ ಮಗುವಿಗೆ ಹೋಗ್ತಾ ಇರುದು ಬರೀ ಗಾಳಿ.

ನಾಲ್ಕೂ ಸರಿ ಮಾಡಿ ಅನಲೈಸರ್, ಅಂದ್ರೆ ಆಕ್ಸಿಜನ್ ಎಷ್ಟು ಪರ್ಸೆಂಟ್ ಅಂತ ತೋರಿಸುವ ಮೀಟರ್, ಇಟ್ಟು ನೋಡಿದೆ, 93, 94, 92, 94. ವಾರ್ಡಿನ ಸಿಸ್ಟರ್ ಕೈ ಹಿಡಿದು ಜೀಕೊಮೊ ಜೀಕೊಮೊ ಅಂದ್ರು, ಅವರ ಭಾಷೆಯಲ್ಲಿ ಥ್ಯಾಂಕ್ಸ್. ಫೋಟೊ ತೆಗೆದೆ. ಊರಿಗೆ ಬಂದು ಭಾನುವಾರ ಆರಾಧನೆ ಆದ ಮೇಲೆ ಸಭೆಯ ಮುಂದೆ ಪ್ರೊಜೆಕ್ಟರ್ ಹಾಕಿ ತೋರಿಸಿದೆ, ಎಲ್ಲರೂ ಚಪ್ಪಾಳೆ ಹೊಡೆದ್ರು, ಸ್ತ್ರೀ ಸಂಘದವರು ಶಾಲು ಹಾಕಿದ್ರು, ಅಮ್ಮ ಅತ್ತರು. ನನಗೂ ದೇವರು ನನ್ನಿಂದ ದೊಡ್ಡದೊಂದು ಕೆಲಸ ಮಾಡಿಸಿದ್ರು ಅಂತ ಅನ್ನಿಸಿತ್ತು.

2019ರ ಫೆಬ್ರವರಿಯಲ್ಲಿ ಅಲ್ಲಿನ ಮೆಂಟೆನೆನ್ಸ್ ನೋಡುವ ಹುಡುಗನಿಂದ ವಾಟ್ಸಪ್ ಬಂತು. ತುಂಬಾ ಮರ್ಯಾದೆಯಿಂದ ಬರೆದಿದ್ದ, ಮೊದಲು ನನ್ನ ಮನೆಯವರ ಆರೋಗ್ಯ ಎಲ್ಲ ವಿಚಾರಿಸಿ ಆಮೇಲೆ ವಿಷಯ. ನಾಲ್ಕರಲ್ಲಿ ಮೂರು ಕೆಟ್ಟಿದೆ. ಒಂದು ವೋಲ್ಟೇಜ್ ಏರಿಳಿದು ಬೋರ್ಡ್ ಹೋಗಿದೆ, ಎರಡು ನಡೀತಾ ಉಂಟು ಆದ್ರೆ ಮಕ್ಕಳ ಸ್ಯಾಚುರೇಶನ್, ಅಂದ್ರೆ ರಕ್ತದಲ್ಲಿನ ಆಕ್ಸಿಜನ್, ಮೇಲೆ ಬರುದಿಲ್ಲ, ಯಾಕೆ ಅಂತ ಗೊತ್ತಾಗ್ತಾ ಇಲ್ಲ, ಸರ್ ನೀವು ಯಾವಾಗ ಬರ್ತೀರಿ. ನವೆಂಬರಿಂದ ಏಪ್ರಿಲ್ ತನಕ ಅಲ್ಲಿ ಮಳೆ, ಅದಕ್ಕೆ ಮೊದಲು ಧೂಳಿನ ಕಾಲ, ಧೂಳಿಗೆ ಫಿಲ್ಟರ್ ಕಟ್ಟಿದೆ, ಮಳೆಗೆ ತೇವ ಹೋಗಿದೆ. ನಾನು ಸ್ಪೇರ್ ಫಿಲ್ಟರ್ ಬಿಟ್ಟು ಬಂದಿರ್ಲಿಲ್ಲ, ಅನಲೈಸರ್ ಬ್ಯಾಗಿಗೆ ಹಾಕಿ ವಾಪಸ್ ತಂದಿದ್ದೆ, ವಾರಕ್ಕೊಮ್ಮೆ ಹೊರಗಿನ ಫಿಲ್ಟರ್ ತೊಳೀಬೇಕು ಅಂತ ಯಾರಿಗೂ ಕೂತ್ಕೊಂಡು ಹೇಳಿಕೊಟ್ಟಿರ್ಲಿಲ್ಲ. ವರ್ಷಗಟ್ಲೆ ಇದೇ ಕೆಲಸ ಮಾಡಿದ ಮನುಷ್ಯ ನಾನು. ಆ ಎರಡು ಮೆಷಿನಿನ ಪೈಪು ಎಷ್ಟು ಮಕ್ಕಳ ಮೂಗಿನಲ್ಲಿ ಇತ್ತು ಅಂತ ನಾನು ಕೇಳ್ಲಿಲ್ಲ, ಕೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ. ಆ ರಾತ್ರಿ ನನ್ನ ನಂಬಿಕೆಯ ಬಗ್ಗೆಯೇ ಹೆದರಿಕೆ ಆಯ್ತು, ಸದ್ದು ಉಂಟು, ಗುಂಡು ತೇಲ್ತಾ ಉಂಟು, ಒಳಗಿಂದ ಬರುದು ಬರೀ ಗಾಳಿಯಾ ಅಂತ.

ಅದರ ಮರುವಾರವೋ ಅದರ ಮುಂದಿನ ವಾರವೋ ನಮ್ಮ ಸಭಾಪಾಲಕರ ಪ್ರಸಂಗ, ಬೈಬಲಿನ ಲೂಕ 10, ಒಳ್ಳೇ ಸಮಾರ್ಯದವನು. ಕೇಳಿ ಕೇಳಿ ಸವೆದ ಕತೆ. ದಾರಿಯಲ್ಲಿ ಕಳ್ಳರು ಹೊಡೆದು ಹಾಕಿದವನನ್ನು ಯಾಜಕ ನೋಡಿ ಹೋದ, ದೇವಾಲಯದ ಸೇವೆ ಮಾಡುವ ಲೇವಿಯ ನೋಡಿ ಹೋದ, ಸಮಾರ್ಯದವ ನಿಂತು ಗಾಯಕ್ಕೆ ಎಣ್ಣೆ ದ್ರಾಕ್ಷಾರಸ ಹಾಕಿ ಕಟ್ಟಿದ. ನಮ್ಮ ಪ್ರಸಂಗಗಳು ಹೆಚ್ಚಾಗಿ ಅಲ್ಲಿಗೇ ಮುಗೀತದೆ, ಚಿತ್ರದಲ್ಲೂ ಅದೇ ಇರುದು, ಗಾಯ ಕಟ್ಟುದು. ಅವತ್ತು ಅಯ್ಯನವರು ಮುಂದೆ ಓದಿದ್ರು. ಅವನನ್ನು ಛತ್ರಕ್ಕೆ ಕರ್ಕೊಂಡು ಹೋದ, ರಾತ್ರಿ ತಾನೇ ಆರೈಕೆ ಮಾಡಿದ, ಬೆಳಿಗ್ಗೆ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು ಇವನನ್ನು ನೋಡ್ಕೋ, ಹೆಚ್ಚು ಖರ್ಚಾದ್ರೆ ನಾನು ತಿರುಗಿ ಬರುವಾಗ ಕೊಡ್ತೇನೆ ಅಂದ. ತಿರುಗಿ ಬರುವಾಗ. ನಾನು ಬೆಂಚಿನಲ್ಲಿ ಕೂತಲ್ಲೇ ತಲೆ ಕೆಳಗೆ ಹಾಕಿದೆ. ಸಮಾರ್ಯದವ ಒಬ್ಬನೇ ಎಲ್ಲ ಮಾಡ್ಲಿಲ್ಲ, ಅಲ್ಲೇ ಇರುವ ಒಬ್ಬನಿಗೆ ಜವಾಬ್ದಾರಿ ಕೊಟ್ಟ, ಅದಕ್ಕೆ ಬೇಕಾದ ದುಡ್ಡು ಕೊಟ್ಟ, ಪುನಃ ಬರ್ತೇನೆ ಅಂತ ಮಾತು ಕೊಟ್ಟ. ನಾನು ಎಣ್ಣೆ ಹಾಕಿ ಫೋಟೊ ತೆಗೆದು ಬಂದವ. ಆರಾಧನೆ ಮುಗಿದ ಮೇಲೆ ಡಾಕ್ಟರ್ ಅಕ್ಕನಿಗೆ ಫೋನ್ ಮಾಡಿ "ಅಕ್ಕ, ನಾವು ಪುನಃ ಹೋಗ್ಬೇಕು, ಪ್ರತಿ ವರ್ಷ ಹೋಗ್ಬೇಕು, ಇಲ್ಲದಿದ್ರೆ ಹೋಗ್ಲೇಬಾರದಿತ್ತು" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು "ನಾನೂ ಅದನ್ನೇ ಯೋಚನೆ ಮಾಡ್ತಾ ಇದ್ದೆ" ಅಂದ್ರು. ನಮ್ಮ ಮಿಶನ್ ಶುರುವಾದದ್ದು ಆ ಫೋನಿನಲ್ಲಿ.

ಶುರು ಮಾಡುದು ಅಂದ್ರೆ ಬಾಯಲ್ಲಿ ಹೇಳಿದಷ್ಟು ಸುಲಭ ಇಲ್ಲ ಬಿಡಿ. ಮೊದಲು ಟ್ರಸ್ಟ್ ಮಾಡುವ ಅಂತ ಸಿಎ ಒಬ್ಬರ ಹತ್ರ ಹೋದೆವು, ಅವರು ಹೇಳಿದ್ದು, ಇಲ್ಲಿ ತೆರಿಗೆ ವಿನಾಯಿತಿ ತಕ್ಕೊಳ್ಳುವ ಟ್ರಸ್ಟಿನ ದುಡ್ಡನ್ನು ದೇಶದ ಹೊರಗೆ ಖರ್ಚು ಮಾಡಿದ್ರೆ ವಿನಾಯಿತಿ ಸಿಗುದಿಲ್ಲ, ಅದಕ್ಕೆ ದಿಲ್ಲಿಯಿಂದ ಪ್ರತ್ಯೇಕ ಅನುಮತಿ ಬೇಕು. ಹಾಗಾಗಿ ಈಗ ಟಿಕೆಟ್ ಅವರವರ ಸ್ವಂತ ದುಡ್ಡು, ಮೆಷಿನು ಪಾರ್ಟು ಜನ ಕೊಟ್ಟದ್ದು. ಡಾಕ್ಟರುಗಳಿಗೂ ನರ್ಸುಗಳಿಗೂ ಅಲ್ಲಿನ ಕೌನ್ಸಿಲಿನ ತಾತ್ಕಾಲಿಕ ರಿಜಿಸ್ಟ್ರೇಶನ್ ಬೇಕು, ಅದಿಲ್ಲದೆ ಒಂದು ಹೊಲಿಗೆ ಹಾಕ್ಲಿಕ್ಕೂ ನಾವು ಬಿಡುದಿಲ್ಲ, ಸೇವೆ ಅಂತ ಹೇಳಿ ಇನ್ನೊಬ್ಬರ ದೇಶದ ಕಾನೂನು ದಾಟ್ಲಿಕ್ಕೆ ಆಗ್ತದಾ. ಮತ್ತೆ ಕಸ್ಟಮ್ಸ್ ಕಾಗದ, ಆಸ್ಪತ್ರೆಯ ಪತ್ರ, ಅದೆಲ್ಲ ಓಡಾಟ ಇದ್ದದ್ದೇ.

ಇದೆಲ್ಲ ಒಂದು ಹಂತಕ್ಕೆ ಬರುವಷ್ಟರಲ್ಲಿ ಕೊರೊನಾ. ಎಲ್ಲ ನಿಂತಿತು. 2021ರ ಏಪ್ರಿಲ್ ಮೇಯಲ್ಲಿ ನಮ್ಮೂರಲ್ಲೇ ಆಕ್ಸಿಜನ್ನಿಗಾಗಿ ಜನ ಓಡಾಡಿದ್ದು ನಿಮಗೆಲ್ಲ ನೆನಪುಂಟು, ಕಾನ್ಸಂಟ್ರೇಟರ್ ಅನ್ನುವ ಹೆಸರು ಮನೆ ಮನೆಗೆ ಗೊತ್ತಾದದ್ದು ಆಗ. ನನಗೆ ರಾತ್ರಿ ಎರಡು ಗಂಟೆಗೆ ಫೋನ್ ಬರ್ತಿತ್ತು, ಅಣ್ಣಾ ಮೆಷಿನ್ ನಿಂತಿದೆ ಅಂತ, ಸ್ಕೂಟರಲ್ಲಿ ಹೋಗಿ ಗೇಟಿನ ಹೊರಗೆ ಕೂತು ಸರಿ ಮಾಡಿ ಕೊಟ್ಟದ್ದೂ ಉಂಟು. ಆಗ ಬೇರೆ ಬೇರೆ ದೇಶದಿಂದ ನಮಗೆ ಮೆಷಿನುಗಳು ಬಂದವು. ಅಲ್ಲಿಯವರೆಗೆ ಕೊಡುವವರ ಬದಿಯಿಂದಲೇ ನೋಡಿದವ ನಾನು, ತಕ್ಕೊಳ್ಳುವವರ ಬದಿಯಲ್ಲಿ ನಿಂತದ್ದು ಅದೇ ಮೊದಲು.

ಅಲೆ ಇಳಿದ ಮೇಲೆ ಆ ಮೆಷಿನುಗಳು ಮಂಚದ ಅಡಿಗೆ ಹೋದವು. ನಾವು ಅದನ್ನು ಕೇಳ್ಲಿಕ್ಕೆ ಶುರು ಮಾಡಿದೆವು, ಇಲ್ಲಿನದ್ದು 230 ವೋಲ್ಟಿನದ್ದು, ಅಲ್ಲಿಗೆ ಸರಿ ಹೊಂದ್ತದೆ. ಕಟಪಾಡಿಯ ಹತ್ರ ಒಂದು ಮನೆಗೆ ಹೋದಾಗ ವಯಸ್ಸಾದ ಅಮ್ಮ ಒಬ್ಬರು ಮೆಷಿನಿಗೆ ಬಿಳೀ ಬೈರಾಸು, ಅಂದ್ರೆ ಟವೆಲ್, ಹೊದಿಸಿ ದೇವರ ಕೋಣೆಯ ಪಕ್ಕ ಇಟ್ಟಿದ್ರು. ಯಜಮಾನರು ಆ ಮೇ ತಿಂಗಳಲ್ಲೇ ತೀರಿಕೊಂಡದ್ದು. ಕೊಡುವ ಮೊದಲು ನನ್ನ ಮುಖ ನೋಡಿ ನೇರ ಕೇಳಿದ್ರು, "ಮಗಾ, ಬೇಜಾರ್ ಮಾಡ್ಬೇಡ, ಇದನ್ನು ಕೊಟ್ಟು ಅಲ್ಲಿ ಅವರನ್ನು ಮತ ಬದಲಾಯಿಸ್ಲಿಕ್ಕೆ ಹೇಳ್ತೀರಾ?" ಬೇಜಾರ್ ಆಗ್ಲಿಲ್ಲ, ಕೇಳ್ಬೇಕಾದ ಪ್ರಶ್ನೆಯೇ ಅದು. ನಾನು ಹೇಳಿದೆ, ಅಮ್ಮ, ಮಲಾವಿಯಲ್ಲಿ ಹೆಚ್ಚಿನವರು ಮೊದಲೇ ಕ್ರೈಸ್ತರು, ಮುಸ್ಲಿಮರೂ ಇದ್ದಾರೆ, ಆಸ್ಪತ್ರೆಗೆ ಬಂದವರ ಹತ್ರ ನೀವು ಯಾರು ಅಂತ ಯಾರೂ ಕೇಳುದಿಲ್ಲ, ಉಸಿರಿಗೆ ಶರತ್ತು ಹಾಕಿದ್ರೆ ಅದು ನಾನು ನಂಬುವ ಯೇಸುವಿನ ಕೆಲಸ ಆಗುದಿಲ್ಲ. ಸಮಾರ್ಯದವ ಕೂಡ ಬೇರೆ ಜಾತಿ ಬೇರೆ ಪದ್ಧತಿಯವ, ಯೆಹೂದ್ಯರು ಅವನ ಜೊತೆ ಕೂತು ಉಣ್ಣುತ್ತಿರ್ಲಿಲ್ಲ, ಗಾಯಗೊಂಡವ ಎದ್ದ ಮೇಲೆ ನನ್ನ ಗುಡಿಗೆ ಬಾ ಅಂತ ಅವ ಹೇಳಿದ್ದು ಎಲ್ಲೂ ಇಲ್ಲ. ಆ ಅಮ್ಮ ಬೈರಾಸನ್ನು ತೆಗೆದು ಮಡಚಿದ್ರು, ಆಮೇಲೆ ಪುನಃ ಬಿಡಿಸಿ ಅದನ್ನೂ ಮೆಷಿನಿಗೆ ಸುತ್ತಿ ಕೊಟ್ರು, ಧೂಳು ಆಗ್ಬಾರದಲ್ವಾ ಅಂತ. "ನಮ್ಮವರಿಗೆ ಸಾಕಾಗ್ಲಿಲ್ಲ, ಅಲ್ಲಿ ಯಾವುದಾದ್ರೂ ಮಗುವಿಗೆ ಆಗ್ಲಿ" ಅಂದ್ರು. ಆ ಬೈರಾಸು ಈಗಲೂ ಅಲ್ಲೇ ಉಂಟು, ಅಲ್ಲಿನ ಸಿಸ್ಟರ್ ತೊಳೆದು ಇಡ್ತಾರೆ.

ಮತ್ತೊಂದು ಪ್ರಶ್ನೆ, ಇದನ್ನು ಸಭೆಯಲ್ಲೇ ಹಿರಿಯರು ಕೇಳಿದ್ರು, ಇಲ್ಲೇ ಬಡವರಿಲ್ವಾ, ಅಷ್ಟು ದೂರ ಯಾಕೆ. ಇದ್ದಾರೆ, ಖಂಡಿತ ಇದ್ದಾರೆ, ನಾನು ಇಲ್ಲಿಯೂ ಕೆಲಸ ಮಾಡ್ತೇನೆ, ವರ್ಷದ ಹನ್ನೊಂದು ತಿಂಗಳು ಇಲ್ಲೇ ಇರುದು. ಆದ್ರೆ ಉಡುಪಿಯಲ್ಲಿ ನನ್ನ ಹಾಗೆ ಮೆಷಿನ್ ಸರಿ ಮಾಡುವವರು ಎಷ್ಟು ಜನ ಬೇಕು ಅಷ್ಟು ಇದ್ದಾರೆ, ನಾನು ಒಂದು ತಿಂಗಳು ಇಲ್ಲದಿದ್ರೆ ಯಾವ ವಾರ್ಡೂ ನಿಲ್ಲುದಿಲ್ಲ. ಸ್ವಿಟ್ಜರ್‌ಲ್ಯಾಂಡಿನಲ್ಲಿ 1923ರಲ್ಲಿ ರೋಗಿಗಳೇ ಇರ್ಲಿಲ್ವಾ, ಇದ್ರು, ಆದ್ರೂ ಒಬ್ಬರು ಇಲ್ಲಿಗೆ ಬಂದ್ರು. ಹಿರಿಯರಿಗೆ ಪೂರ್ತಿ ಒಪ್ಪಿಗೆ ಆಗಿದೆ ಅಂತ ನಾನು ಹೇಳುದಿಲ್ಲ. ಆದ್ರೆ ಆ ವರ್ಷದ ಬೆಳೆ ಹಬ್ಬದಲ್ಲಿ ಕಾಣಿಕೆಯಾಗಿ ಬಂದ ತೆಂಗಿನಕಾಯಿ, ಬಾಳೆಗೊನೆ, ಮಟ್ಟು ಗುಳ್ಳ ಬದನೆ ಎಲ್ಲ ಏಲಂ ಹಾಕುವಾಗ ಅದೇ ಹಿರಿಯರು ಒಂದು ಕುಂಬಳಕಾಯಿಗೆ ಎರಡು ಸಾವಿರ ಕೂಗಿ, ಅದನ್ನು ಪುನಃ ಏಲಕ್ಕೆ ಬಿಟ್ಟು, ಕೊನೆಗೆ ಆ ಒಂದೇ ಕುಂಬಳಕಾಯಿ ಮೂರು ಸಲ ಮಾರಿ ಹೋಯ್ತು, ಆ ದುಡ್ಡಿನಲ್ಲಿ ಇಲ್ಲೇ ವೋಲ್ಟೇಜ್ ಏರಿಳಿಯದ ಹಾಗೆ ನೋಡುವ ಸ್ಟೆಬಿಲೈಜರ್ ಆರು ತಕ್ಕೊಂಡೆವು.

2022ರಲ್ಲಿ ಪುನಃ ಹೊರಟೆವು, ಈ ಸಲ ನಾಲ್ಕು ಜನ. ಡಾಕ್ಟರ್ ಅಕ್ಕ, ಕುಂದಾಪುರದ ರಿಟಾಯರ್ಡ್ ನರ್ಸ್ ಆಂಟಿ, ಮಲ್ಪೆಯಲ್ಲಿ ಬೋಟಿನ ಮೋಟರ್ ವೈಂಡಿಂಗ್ ಮಾಡುವ ಹುಡುಗ, ನಾನು. ದಾರಿಯಲ್ಲಿ ಇಥಿಯೋಪಿಯದ ಆಡಿಸ್ ಅಬಾಬದಲ್ಲಿ ವಿಮಾನ ಬದಲಾಯಿಸ್ಬೇಕು. ಕಾಯುವಾಗ ಡಾಕ್ಟರ್ ಅಕ್ಕ ಕ್ಯಾಥರೀನ್ ಹ್ಯಾಮ್ಲಿನ್ ಬಗ್ಗೆ ಹೇಳಿದ್ರು, ಗೈನಕಾಲಜಿಯವರಿಗೆ ದೊಡ್ಡ ಹೆಸರು ಅದು. 1959ರಲ್ಲಿ ಗಂಡ ರೆಜಿನಾಲ್ಡ್ ಜೊತೆ ಆಸ್ಟ್ರೇಲಿಯದಿಂದ ಆ ಊರಿಗೆ ಬಂದದ್ದು, ಇಬ್ಬರೂ ಡಾಕ್ಟರ್, ಇಬ್ಬರಿಗೂ ಗಟ್ಟಿ ದೈವಭಕ್ತಿ, ಒಪ್ಪಂದ ಮಾಡಿದ್ದು ಬರೀ ಮೂರು ವರ್ಷಕ್ಕೆ. ಅಲ್ಲಿ ನೋಡಿದ್ದು ಫಿಸ್ಟುಲಾ ಆದ ಹೆಂಗಸರನ್ನು. ಹೆರಿಗೆ ದಿನಗಟ್ಲೆ ನಿಂತು ಹೋದಾಗ ಮಗುವಿನ ತಲೆ ಒತ್ತಿ ಒತ್ತಿ ಒಳಗಿನ ಮಾಂಸ ಸತ್ತು ಮೂತ್ರಕೋಶಕ್ಕೆ ತೂತು ಬೀಳ್ತದೆ, ಮಗು ಹೆಚ್ಚಾಗಿ ಸತ್ತೇ ಹುಟ್ಟುದು, ತಾಯಿಗೆ ಜೀವಮಾನ ಪೂರ್ತಿ ಮೂತ್ರ ಸೋರ್ತಾ ಇರ್ತದೆ, ವಾಸನೆ ಅಂತ ಗಂಡ ಬಿಡ್ತಾನೆ, ಊರವರು ದೂರ ಇಡ್ತಾರೆ. ಒಂದು ಆಪರೇಶನ್ನಿನಲ್ಲಿ ಸರಿ ಆಗುವಂಥದ್ದು. ಮೂರು ವರ್ಷಕ್ಕೆ ಬಂದವರು ವಾಪಸ್ ಹೋಗ್ಲೇ ಇಲ್ಲ. 1974ರಲ್ಲಿ ಅದಕ್ಕಾಗಿಯೇ ಆಸ್ಪತ್ರೆ ಕಟ್ಟಿದ್ರು, ಗಂಡ 1993ರಲ್ಲಿ ತೀರಿಕೊಂಡ್ರು, ಆಕೆ 2020ರಲ್ಲಿ, ತೊಂಬತ್ತಾರನೇ ವಯಸ್ಸಲ್ಲಿ, ಅದೇ ಊರಲ್ಲಿ. "ನಮಗೆ ಹಾಗೆ ಪೂರ್ತಿ ಹೋಗಿ ಇರ್ಲಿಕ್ಕೆ ಆಗುದಿಲ್ಲ ಮಾರಾಯ, ಮನೆ ಮಕ್ಕಳು ಉಂಟು, ಆದ್ರೆ ಬರ್ತಾ ಇರುದನ್ನಾದ್ರೂ ನಿಲ್ಲಿಸ್ಬಾರದು" ಅಂದ್ರು ಅಕ್ಕ. ಏರ್‌ಪೋರ್ಟಿನ ಕುರ್ಚಿಯಲ್ಲಿ ಕೂತಲ್ಲೇ ನಾಲ್ಕೂ ಜನ ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿದೆವು.

ಆ ಸಲ ಮೊದಲ ಮೂರು ದಿನ ನಾನು ಸ್ಕ್ರೂಡ್ರೈವರ್ ಕೈಗೆ ತೆಗೊಳ್ಳಲಿಲ್ಲ. ಮೆಂಟೆನೆನ್ಸ್ ಹುಡುಗ ಬಿಚ್ಚಿದ, ನಾನು ಪಕ್ಕದಲ್ಲಿ ಕೂತೆ. ನನಗೆ ಅವನ ಚಿಚೇವ ಭಾಷೆ ಬರುದಿಲ್ಲ, ಅವನ ಇಂಗ್ಲಿಷ್ ನನ್ನದಕ್ಕಿಂತ ಚಂದ, ಬಾಕಿ ಕೈಸನ್ನೆ. ಜಿಯೊಲೈಟ್ ಕಾಳನ್ನು ಅಂಗೈಯಲ್ಲಿ ಹಾಕಿ ತೋರಿಸಿದೆ, ಒಂದು ಹನಿ ನೀರು ಬಿಟ್ಟೆ, ನೀರು ಹೀರುವಾಗ ಕಾಳು ಬಿಸಿ ಆಗ್ತದೆ, ಕೈಗೆ ಸುಡ್ತದೆ, ಅವ ಬೆಚ್ಚಿ ಕೈ ಕೊಡವಿ ನನ್ನನ್ನು ನೋಡಿದ. ನೀರನ್ನು ಅದು ಅಷ್ಟು ಆಸೆಯಿಂದ ಹಿಡ್ಕೊಂಡ ಮೇಲೆ ನೈಟ್ರೋಜನ್ ಹಿಡೀಲಿಕ್ಕೆ ಜಾಗವೇ ಇರುದಿಲ್ಲ ಅಂದೆ. "ಓ, ಅದಕ್ಕೇ" ಅಂದ. ಮೂರು ವರ್ಷದ ಹಿಂದೆ ವಾಟ್ಸಪ್ಪಲ್ಲಿ ಅವ ಕೇಳಿದ್ದಕ್ಕೆ ಉತ್ತರ ಅವನಿಗೆ ಸಿಕ್ಕಿದ್ದು ಆವಾಗ. ಮಲ್ಪೆಯ ಹುಡುಗ ಸ್ಟೆಬಿಲೈಜರ್ ಹಾಕಿ ವಾರ್ಡಿಗೆ ಬೇರೆ ಲೈನ್ ಎಳೆದ. ನರ್ಸ್ ಆಂಟಿ ವಾರ್ಡಿನ ಸಿಸ್ಟರುಗಳಿಗೆ ಅನಲೈಸರ್ ಹಿಡಿಯುದು ಕಲಿಸಿದ್ರು, ಶನಿವಾರ ಫಿಲ್ಟರ್ ತೊಳೆಯುವ ದಿನ ಅಂತ ಗೋಡೆಯಲ್ಲಿ ಬರೆಸಿದ್ರು. ಬರುವಾಗ ಅನಲೈಸರ್ ಅಲ್ಲೇ ಬಿಟ್ಟು ಬಂದೆ, ಫಿಲ್ಟರ್ ಒಂದು ವರ್ಷಕ್ಕಾಗುವಷ್ಟು, ಸ್ವಲ್ಪ ದುಡ್ಡೂ ಆಸ್ಪತ್ರೆಯ ಆಫೀಸಿನಲ್ಲಿ ಕೊಟ್ಟು ಬಂದೆವು. ನಾನು ಬರುವಾಗ ಬಾಕಿ ಕೊಡ್ತೇನೆ ಅಂದೆ, ಅಲ್ಲಿನ ಆಡಳಿತಾಧಿಕಾರಿ ನಕ್ಕು ಲೂಕನ ಸುವಾರ್ತೆ ಅಂದ್ರು, ನಾನು ಹೇಳದೆಯೇ ಅವರಿಗೆ ಗೊತ್ತಾಗಿತ್ತು.

ಅಲ್ಲಿಂದ ಪ್ರತಿ ವರ್ಷ ಹೋಗಿದ್ದೇವೆ. ಎಲ್ಲ ಸರಿಯಾಗಿಯೇ ನಡೀತಾ ಉಂಟು ಅಂತ ಅಲ್ಲ. ಕರೆಂಟು ಹೋದ್ರೆ ಕಾನ್ಸಂಟ್ರೇಟರ್ ಬರೀ ಡಬ್ಬ, ಬ್ಯಾಕಪ್ ಸಿಲಿಂಡರ್ ಕೆಲವು ಸಲ ಇರ್ತದೆ ಕೆಲವು ಸಲ ಇರುದಿಲ್ಲ, ಅದಕ್ಕೆ ಬ್ಯಾಟರಿ ಸೋಲಾರ್ ಮಾಡ್ಬೇಕು, ನಮ್ಮ ಕೈಯಲ್ಲಿ ಅಷ್ಟು ದುಡ್ಡು ಇನ್ನೂ ಆಗ್ಲಿಲ್ಲ. ಒಂದು ರಾತ್ರಿ ಹಾಗೆ ಕರೆಂಟು ಹೋಗಿ ನಮ್ಮ ಕಣ್ಣೆದುರೇ ಒಂದು ಮಗು ಹೋಯ್ತು, ಅದರ ಬಗ್ಗೆ ನನಗೆ ಇನ್ನೂ ಬರೀಲಿಕ್ಕೆ ಆಗುದಿಲ್ಲ. ಅವತ್ತು ದೇವರ ಹತ್ರ ನಾನು ಜಗಳವೇ ಮಾಡಿದ್ದೇನೆ. ಉತ್ತರ ಬರ್ಲಿಲ್ಲ, ಬೆಳಿಗ್ಗೆ ಐದಕ್ಕೆ ಆ ಮಗುವಿನ ಅಜ್ಜಿ ಒಲೆಯ ಹತ್ರ ನನಗೆ ಒಂದು ಕಪ್ ಗಂಜಿ ತಂದು ಕೊಟ್ರು.

ಈಗ ಆ ಹುಡುಗ ಪ್ರತಿ ಸೋಮವಾರ ಬೆಳಿಗ್ಗೆ ಅನಲೈಸರಿನ ಫೋಟೊ ಕಳಿಸ್ತಾನೆ, ಒಂದೊಂದು ಮೆಷಿನಿಗೆ ಒಂದೊಂದು ಫೋಟೊ, ಈಗ ಒಂಬತ್ತು ಮೆಷಿನ್ ಉಂಟು. ಅಮ್ಮ ಅದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡ್ತಾರೆ, ಕಣ್ಣಿಗೆ ಪೊರೆ ಬಂದಿದೆ, ಆದ್ರೂ ಫೋನನ್ನು ಮುಖದ ಹತ್ರ ಹಿಡಿದು ನಂಬರ್ ಓದ್ತಾರೆ, ಓದಿ ಆ ಮೆಷಿನಿನ ಹೆಸರು ಹೇಳಿ ಪ್ರಾರ್ಥನೆ ಮಾಡ್ತಾರೆ. ಮೊನ್ನೆ ಸೋಮವಾರ ಎಂಟು ಮೆಷಿನ್ 92ರ ಮೇಲೆ, ಬೈರಾಸಿನ ಮೆಷಿನ್ ಮಾತ್ರ 87. ಅದರ ಹಿಂದಿನ ವಾರ 89 ಇತ್ತು. 85ಕ್ಕೆ ಬಂದ್ರೆ ಮಗುವಿಗೆ ಹಾಕ್ಬೇಡ ಅಂತ ಬರೆದೆ, ಈಗಾಗಲೇ ವಾರ್ಡಿನಿಂದ ತೆಗೆದು ಇಟ್ಟಿದ್ದೇನೆ ಸರ್ ಅಂತ ಉತ್ತರ ಬಂತು. ಕಾಳು ಬದಲಾಯಿಸ್ಬೇಕು, ಮಳೆ ಶುರುವಾಗುವ ಮೊದಲು ಅಲ್ಲಿರ್ಬೇಕು, ಅಕ್ಟೋಬರಿಗೆ ಟಿಕೆಟ್ ಆಗಿದೆ. ಹೊಸ ಡಬ್ಬಿ ಎರಡು ಬಂದಿದೆ, ತೇವ ಹೋಗ್ಬಾರದು ಅಂತ ಅಮ್ಮ ಅದನ್ನು ಅಕ್ಕಿ ಡಬ್ಬದ ಮೇಲೆ, ಒಲೆಗೆ ಹತ್ರ, ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಇಟ್ಟಿದ್ದಾರೆ.